ಮೂವತ್ತೊಂದು ಚೀಟಿ

ನಾನು ಬಾಯಿಬಡುಕಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ಬರುವುದು ನಾನು ಬಾಯಿ ಮುಚ್ಚಿಕೊಂಡಿದ್ದ ಹನ್ನೊಂದು ದಿನಗಳ ಕಥೆ. ಮೂವತ್ತಾರನೆಯ ವಯಸ್ಸಿನಲ್ಲಿ, ಕ್ಲಿನಿಕ್ಕೊಂದರಲ್ಲಿ ಟೋಕನ್ ಕೊಡುವ ಕೆಲಸ ಬಿಟ್ಟು, ಗ್ರಂಥಾಲಯ ವಿಜ್ಞಾನ ಓದಲು ಸೇರಿದೆ. ಅದರಲ್ಲೂ ಆರೋಗ್ಯ ಮಾಹಿತಿ ವಿಭಾಗ. ಪುಸ್ತಕ ಜೋಡಿಸಿಡೋದನ್ನ ಕಲಿಯೋಕೂ ಕಾಲೇಜು ಬೇಕಾ ಎಂದು ಪಕ್ಕದ ಮನೆಯಾಕೆ ಕೇಳಿದಾಗ, ನಿಮ್ಮ ಅಡುಗೆಮನೆ ನೋಡಿದರೆ ಬೇಕು ಅನ್ನಿಸುತ್ತೆ ಎಂದುಬಿಟ್ಟೆ. ಅಂದಿನಿಂದ ಆಕೆ ನನ್ನ ಜೊತೆ ಮಾತು ಬಿಟ್ಟಳು.

ನಮ್ಮ ವಿದ್ಯೆ ಜೋಡಿಸುವುದಲ್ಲ, ಹುಡುಕಿ ಕೊಡುವುದು. ಡಾಕ್ಟರು ಒಂದು ಕಾಯಿಲೆಯ ಬಗ್ಗೆ ಕೇಳಿದರೆ ಲಕ್ಷಗಟ್ಟಲೆ ಲೇಖನಗಳ ರಾಶಿಯಲ್ಲಿ ಅವರಿಗೆ ಬೇಕಾದ ನಾಲ್ಕೈದನ್ನು ಹೆಕ್ಕಿ ಕೊಡಬೇಕು. ರೋಗಿಯ ಮನೆಯವರು ಕೇಳಿದರೆ ಅದನ್ನೇ ಆರನೇ ಕ್ಲಾಸಿನ ಮಗುವಿಗೂ ತಿಳಿಯುವ ಮಾತಿನಲ್ಲಿ ಬರೆದು ಕೊಡಬೇಕು. ಎರಡರಲ್ಲೂ ತರಗತಿಗೆ ನಾನೇ ಮೊದಲು. ಇದನ್ನೂ ಹೇಳಿಬಿಡುತ್ತೇನೆ, ಜಂಬ ಇರದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಓದಲು ಸೇರು ಎಂದು ಹಟ ಹಿಡಿದವನು ಅಣ್ಣ. ಅವನು ಲಿಫ್ಟ್ ಮೆಕ್ಯಾನಿಕ್. ಅಪ್ಪ ಅಮ್ಮ ಹೋದ ಮೇಲೆ ನಾನಿದ್ದದ್ದು ಅಣ್ಣ ಅತ್ತಿಗೆಯ ಜೊತೆಯಲ್ಲೇ. ಎರಡು ಕೋಣೆಯ ಮನೆ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ. ಊರಿನವರನ್ನೆಲ್ಲ ಮೇಲಕ್ಕೆ ಕಳಿಸೋನು ತಾನು ಮಾತ್ರ ಮೆಟ್ಟಿಲು ಹತ್ತಬೇಕು ನೋಡು ಪಂಡಿತೆ, ಎಂದು ದಿನಾ ಸಂಜೆ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಹೇಳುತ್ತಿದ್ದ. ಪಂಡಿತೆ ಎಂದರೆ ನಾನು. ಅತ್ತಿಗೆ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ನನ್ನ ಪರೀಕ್ಷೆಯ ಬೆಳಗ್ಗೆ ಒಂದೊಂದು ಪೆನ್ನನ್ನೂ ಕಾಗದದ ಮೇಲೆ ಗೀಚಿ, ಬರೆಯುತ್ತದೆ ಎಂದು ಖಾತ್ರಿ ಮಾಡಿಕೊಂಡು ಬ್ಯಾಗಿಗೆ ಹಾಕುತ್ತಿದ್ದರು. ನಾನೇನು ಮೂರನೇ ಕ್ಲಾಸಾ ಎಂದು ರೇಗುತ್ತಿದ್ದೆ. ರೇಗಿದರೂ ಆ ಗೀಚಿದ ಕಾಗದವನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗುತ್ತಿದ್ದೆ.

ಎರಡನೇ ವರ್ಷ ಆರು ತಿಂಗಳ ತರಬೇತಿಗೆಂದು ದೊಡ್ಡ ಆಸ್ಪತ್ರೆಯ ಗ್ರಂಥಾಲಯಕ್ಕೆ ಹಾಕಿದರು. ಅದಿದ್ದದ್ದು ನೆಲಮಾಳಿಗೆಯಲ್ಲಿ, ಒಂದು ಕಡೆ ಬಟ್ಟೆ ಒಗೆಯುವ ಕೋಣೆ, ಇನ್ನೊಂದು ಕಡೆ ಶವಾಗಾರ. ಅಲ್ಲಿನ ಗ್ರಂಥಪಾಲಕಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗೋಂದಮ್ಮ ಎಂದು. ಬಲಗೈ ಹೆಬ್ಬೆರಳಲ್ಲಿ ಯಾವಾಗಲೂ ಒಣಗಿದ ಗೋಂದು. ಮಾತು ಕಡಿಮೆ. ಆಡಿದರೆ ಕಡ್ಡಿ ಮುರಿದ ಹಾಗೆ.

ಗೋಂದು ಯಾಕೆ ಎಂದರೆ, ಚೀಟಿ ಅಂಟಿಸುವುದಕ್ಕೆ. ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಲೇಖನಗಳೆಲ್ಲ ನಿಜವಲ್ಲ. ಕೆಲವರು ತಪ್ಪು ಮಾಡುತ್ತಾರೆ, ಕೆಲವರು ಬೇಕೆಂದೇ ಸುಳ್ಳು ಬರೆಯುತ್ತಾರೆ. ಎಷ್ಟೋ ವರ್ಷಗಳ ಮೇಲೆ ಅದು ಬಯಲಾದಾಗ ಪತ್ರಿಕೆಯವರು ಆ ಲೇಖನವನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಪ್ರಕಟಿಸುತ್ತಾರೆ. ಅಷ್ಟರಲ್ಲಿ ಅದು ಅಚ್ಚಾಗಿ, ಬೈಂಡ್ ಆಗಿ, ಎಲ್ಲೆಲ್ಲೋ ಕಪಾಟುಗಳಲ್ಲಿ ಕೂತಿರುತ್ತದೆ. ಈಚಿನ ವರ್ಷಗಳದ್ದಾದರೆ ಕಂಪ್ಯೂಟರೇ ತಿಳಿಸುತ್ತದೆ. ಹಳೆಯ ಸಂಪುಟಗಳು ನಮ್ಮಲ್ಲಿ ಕಾಗದದಲ್ಲಿ ಮಾತ್ರ ಇದ್ದವು. ಹಾಗಾಗಿ ಗೋಂದಮ್ಮ ಮೂರು ತಿಂಗಳಿಗೊಮ್ಮೆ ಪಟ್ಟಿ ತರಿಸಿ, ಒಂದೊಂದು ಲೇಖನಕ್ಕೂ ಒಂದು ಗುಲಾಬಿ ಬಣ್ಣದ ಚೀಟಿ ಅಚ್ಚು ಹಾಕಿಸುತ್ತಿದ್ದರು. ಆ ಸಂಪುಟ ಇಳಿಸಿ, ಆ ಪುಟ ತೆರೆದು, ಚೀಟಿಯ ಮೇಲಂಚಿಗೆ ಮಾತ್ರ ಗೋಂದು ಸವರಿ ಶೀರ್ಷಿಕೆ ಮುಚ್ಚುವಂತೆ ಅಂಟಿಸಬೇಕು. ಕೆಳಗಿನದನ್ನು ಓದಬೇಕಾದವರು ಚೀಟಿ ಎತ್ತಿ ಓದಬಹುದು. ಆಮೇಲೆ ರಿಜಿಸ್ಟರಿನಲ್ಲಿ ಸರಿ ಗುರುತು ಹಾಕಿ ಸಹಿ ಮಾಡಬೇಕು. "ಸುಳ್ಳು ಲೇಖನಕ್ಕೆ ಜ್ವರ ಬರಲ್ಲ, ಮುಖ ನೋಡಿ ಕಂಡುಹಿಡಿಯೋಕೆ," ಎಂದು ಮೊದಲ ದಿನವೇ ಹೇಳಿ, ಆ ಕೆಲಸ ನನಗೆ ವಹಿಸಿದರು.

ನೂರಾ ಹನ್ನೆರಡು ಚೀಟಿ. ತರಗತಿಗೆ ಮೊದಲು ಬರುವವಳಿಗೆ ಗೋಂದಿನ ಕೆಲಸವಾ ಎಂದು ಒಳಗೊಳಗೇ ಉರಿದುಕೊಂಡೆ. ಉರಿದುಕೊಂಡೇ ಎಂಬತ್ತೊಂದು ಅಂಟಿಸಿದೆ, ಒಂದನ್ನೂ ಓದದೆ, ಬರೀ ಸಂಪುಟ ಮತ್ತು ಪುಟದ ಸಂಖ್ಯೆ ನೋಡಿ. ಉಳಿದ ಮೂವತ್ತೊಂದು ಸಂಪುಟಗಳಿದ್ದದ್ದು ಕೊನೆಯ ಸಾಲಿನ ಕಪಾಟುಗಳಲ್ಲಿ. ಅವು ಹಳಿಯ ಮೇಲೆ ಉರುಳುವ ಕಬ್ಬಿಣದ ಕಪಾಟುಗಳು, ಹಿಡಿಕೆ ತಿರುಗಿಸಿದರೆ ಸರಿದು ದಾರಿ ಬಿಡುತ್ತವೆ. ಅವತ್ತು ಹಿಡಿಕೆ ತಿರುಗಲಿಲ್ಲ. ಜೋತುಬಿದ್ದರೂ ಕದಲಲಿಲ್ಲ.

ಅದೇ ದಿನ ನನ್ನ ತರಬೇತಿಯ ಮೊದಲ ವರದಿ ಕಾಲೇಜಿಗೆ ಹೋಗಬೇಕಿತ್ತು. ಕೆಲಸ ಅರ್ಧ ಎಂದು ಬರೆಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಕಪಾಟು ರಿಪೇರಿಯಾದ ಕೂಡಲೇ ಅಂಟಿಸಿದರಾಯಿತು, ಹೇಗೂ ಆ ಹಳೇ ಸಂಪುಟಗಳನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಮೂವತ್ತೊಂದಕ್ಕೂ ಸರಿ ಗುರುತು ಹಾಕಿ ಸಹಿ ಮಾಡಿದೆ. ಗೋಂದಮ್ಮ ಪುಟ ತಿರುವಿ, ಕೆಳಗೆ ತಮ್ಮ ಸಹಿ ಹಾಕಿದರು. ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಡ್ರಾಯರಿನಲ್ಲಿ ಹಾಕಿದೆ.

ಕಪಾಟು ಸರಿ ಮಾಡಿದವನು ಯಾರು ಗೊತ್ತೇ? ನಮ್ಮಣ್ಣ. ಆಸ್ಪತ್ರೆಯವರಿಗೆ ಅರ್ಜಿ ಕೊಟ್ಟು ಕಾಯುತ್ತಾ ಕೂತರೆ ಆಗುವ ಕೆಲಸವಲ್ಲ ಎಂದು ನಾನೇ ಅವನನ್ನು ಕರೆದುಕೊಂಡು ಬಂದಿದ್ದೆ. ಅವನು ನೆಲದ ಮೇಲೆ ಮಲಗಿ, ಹಳಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಸ್ಕ್ರೂ ಕಿತ್ತು, ಗ್ರೀಸ್ ಸವರಿ ಎದ್ದ. ಈಗ ಒಂದು ಬೆರಳಲ್ಲಿ ತಳ್ಳಿದರೂ ಓಡುತ್ತೆ ಪಂಡಿತೆ, ಇನ್ನು ನಿನಗೆ ನೆಪ ಇಲ್ಲ ಎಂದ. ಗೋಂದಮ್ಮ ಅಪರೂಪಕ್ಕೆ ನಕ್ಕು ಅವನಿಗೆ ಟೀ ತರಿಸಿಕೊಟ್ಟರು. ಮರುದಿನ ಅಂಟಿಸೋಣ ಎಂದುಕೊಂಡೆ. ಮರುದಿನ ಸೆಮಿನಾರ್ ಬಂತು, ಆಮೇಲೆ ಪರೀಕ್ಷೆ ಬಂತು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ನಾನು ಹೇಳಿದ ನಾಳೆಗೆ ಹಾಳಾದದ್ದು ಅತ್ತಿಗೆಯ ಮನೆ.

ತರಬೇತಿ ಮುಗಿದ ಮೇಲೂ ಗೋಂದಮ್ಮ ನನ್ನನ್ನು ಅರ್ಧ ದಿನದ ಕೆಲಸಕ್ಕೆ ಉಳಿಸಿಕೊಂಡರು. ಆ ಹೊತ್ತಿಗೆ ಅಣ್ಣನಿಗೆ ಮೆಟ್ಟಿಲು ಹತ್ತುವುದು ತಮಾಷೆಯಾಗಿ ಉಳಿದಿರಲಿಲ್ಲ. ತೊಡೆ, ತೋಳುಗಳ ಸ್ನಾಯುಗಳು ಬಲ ಕಳೆದುಕೊಳ್ಳುತ್ತಿದ್ದವು. ಎರಡನೇ ಮಹಡಿಯಲ್ಲಿ ಕೂತುಬಿಡುತ್ತಿದ್ದ. ನಾನೇ ನಮ್ಮ ಆಸ್ಪತ್ರೆಗೆ ಸೇರಿಸಿದೆ. ದೇಹವೇ ತನ್ನ ಸ್ನಾಯುಗಳ ಮೇಲೆ ತಿರುಗಿಬಿದ್ದ ಕಾಯಿಲೆ ಎಂದರು. ಔಷಧ ಶುರುವಾಗಿ ಹನ್ನೆರಡು ದಿನವಾದರೂ ತಟ್ಟೆಯಿಂದ ತುತ್ತು ಎತ್ತಲಾರದೆ ಅತ್ತಿಗೆಯ ಕೈಯಲ್ಲಿ ತಿನ್ನುತ್ತಿದ್ದ. ಹಿರಿಯ ಡಾಕ್ಟರು ರಜೆಯಲ್ಲಿದ್ದರು. ವಾರ್ಡು ನೋಡಿಕೊಳ್ಳುತ್ತಿದ್ದದ್ದು ಕಿರಿಯ ಡಾಕ್ಟರು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವರು, ಆದರೂ ಡಾಕ್ಟರಲ್ಲವೇ, ಬಹುವಚನ ಕೊಡೋಣ.

ಅವರು ಅಂಜುಬುರುಕರು ಎನ್ನುವುದು ನನ್ನ ಆಗಿನ ತೀರ್ಮಾನ. ಔಷಧದ ಪ್ರಮಾಣ ಹೆಚ್ಚಿಸಬಹುದೇ ಎಂದು ಕೇಳಿದರೆ, ಆಧಾರ ಬೇಕು, ಹಿರಿಯರು ಬರಲಿ ಎನ್ನುತ್ತಿದ್ದರು. ಆಧಾರ ನಾನು ಕೊಡುತ್ತೇನೆ, ಅದೇ ನನ್ನ ಕೆಲಸ ಎಂದೆ. ಸ್ವಂತ ಮನೆಯವರ ಕಾಯಿಲೆಯ ವಿಷಯ ಬೇರೆಯವರ ಕೈಯಲ್ಲಿ ಹುಡುಕಿಸಬೇಕು ಎನ್ನುವುದು ನಮ್ಮ ವೃತ್ತಿಯ ನಿಯಮ, ಏಕೆಂದರೆ ನಮಗೆ ಬೇಕಾದದ್ದೇ ನಮ್ಮ ಕಣ್ಣಿಗೆ ಬೀಳುತ್ತದೆ. ಗೋಂದಮ್ಮ ಅದನ್ನು ನೆನಪಿಸಿದರು. ನೀವು ಹುಡುಕುವಷ್ಟರಲ್ಲಿ ಅವನು ಹಾಸಿಗೆಯಲ್ಲೇ ಉಳಿದುಬಿಡುತ್ತಾನೆ ಎಂದು ಅವರ ಬಾಯಿ ಮುಚ್ಚಿಸಿದೆ.

ಗ್ರಂಥಾಲಯದ ಹಳೇ ಸೂಚಿಯಲ್ಲಿ ಸಿಕ್ಕಿತು. ಹದಿನೆಂಟು ವರ್ಷ ಹಿಂದಿನ ಲೇಖನ. ಇದೇ ಕಾಯಿಲೆ, ಇದೇ ಔಷಧ, ಮೂರು ಪಟ್ಟು ಪ್ರಮಾಣ. ನಲವತ್ತು ಜನರಲ್ಲಿ ಮೂವತ್ತಾರು ಜನ ಎದ್ದು ಓಡಾಡಿದರು ಎಂದಿತ್ತು. ಕಿರಿಯ ಡಾಕ್ಟರನ್ನು ಕೆಳಗೆ ಕರೆಸಿದೆ. ಅವರು ಸತತ ಮೂವತ್ತು ಗಂಟೆ ಡ್ಯೂಟಿ ಮುಗಿಸಿ ನಿಂತಲ್ಲೇ ತೂಗುತ್ತಿದ್ದರು. ಕೊನೆಯ ಸಾಲಿನ ಕಪಾಟನ್ನು ಒಂದು ಬೆರಳಲ್ಲಿ ತಳ್ಳಿದೆ. ಸರಾಗವಾಗಿ ಸರಿಯಿತು. ಸಂಪುಟ ಇಳಿಸಿ, ಪುಟ ತೆರೆದು, ಜೆರಾಕ್ಸ್ ಯಂತ್ರದ ಮೇಲೆ ಮಗುಚಿ ನಾನೇ ಪ್ರತಿ ತೆಗೆದು ಅವರ ಕೈಗಿಟ್ಟೆ. ಕೊಡುವ ಮೊದಲು ಹಿಂಪಡೆದವುಗಳ ಪಟ್ಟಿಯಲ್ಲಿ ಒಮ್ಮೆ ನೋಡಬೇಕಿತ್ತು. ಎರಡು ಹೆಜ್ಜೆ ದೂರದಲ್ಲೇ ಆ ಫೈಲು ಇತ್ತು. ಹಾಳಾದ ಸಂತೋಷದಲ್ಲಿದ್ದೆ, ಹೊಳೆಯಲೇ ಇಲ್ಲ. ಡ್ರಾಯರಿನ ಚೀಟಿಗಳಂತೂ ನನ್ನ ಮನಸ್ಸಿನಿಂದ ಯಾವತ್ತೋ ಹೋಗಿದ್ದವು.

ಮರುದಿನವೇ ಮೂರು ಪಟ್ಟು ಔಷಧ ಶುರುವಾಯಿತು. ಎರಡನೇ ದಿನ ಅಣ್ಣ ಚಮಚ ಹಿಡಿದ. ನೋಡಿದ್ಯಾ, ನಮ್ಮ ಪಂಡಿತೆ ಹುಡುಕಿದ ಮದ್ದು ಎಂದು ಪಕ್ಕದ ಹಾಸಿಗೆಯವನಿಗೆ ಹೇಳಿದ. ಐದನೇ ದಿನ ಅವನ ಕಣ್ಣು ಹಳದಿಯಾಯಿತು. ಯಕೃತ್ತು ಕೈಕೊಡುತ್ತಿತ್ತು. ಔಷಧ ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ, ಅತ್ತಿಗೆ ನೀರು ತರಲು ಹೋಗಿದ್ದಾಗ ಹೋಗಿಬಿಟ್ಟ. ಅವನ ಕೈ ನನ್ನ ಕೈಯಲ್ಲಿತ್ತು. ನಾನು ಅತ್ತೆ, ಗೋಡೆಗೆ ತಲೆ ಚಚ್ಚಿಕೊಂಡೆ. ಅತ್ತಿಗೆ ಆ ನೀರಿನ ಜಗ್ಗನ್ನು ಕೆಳಗಿಡದೆ ಅರ್ಧ ಗಂಟೆ ನಿಂತೇ ಇದ್ದರು.

ದುಃಖ ನನಗೆ ಸಿಟ್ಟಾಗಿಯೇ ಬರುತ್ತದೆ, ಸ್ವಭಾವ. ಆ ಡಾಕ್ಟರು ನೋಡಿ ಕೊಡಲಿಲ್ಲ, ರಕ್ತಪರೀಕ್ಷೆ ಸರಿಯಾಗಿ ಮಾಡಿಸಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅತ್ತಿಗೆಯ ಹೆಸರಿನಲ್ಲಿ ಆಸ್ಪತ್ರೆಗೆ ಐದು ಪುಟದ ದೂರು ಬರೆದೆ. ಆರನೇ ಕ್ಲಾಸಿನ ಮಗುವಿಗೂ ಅರ್ಥವಾಗುವಂತೆ, ಒಂದೊಂದು ವಾಕ್ಯವೂ ಮೊಳೆ ಹೊಡೆದ ಹಾಗೆ. ಅತ್ತಿಗೆ ಓದಿ ಸಹಿ ಹಾಕಿದರು. ಆಸ್ಪತ್ರೆಯವರು ವಿಚಾರಣೆಗೆ ಮೂವರ ಸಮಿತಿ ನೇಮಿಸಿ, ಕಿರಿಯ ಡಾಕ್ಟರನ್ನು ಕೆಲಸದಿಂದ ದೂರ ಇಟ್ಟರು. ಅವತ್ತು ನನಗೆ ಹೊಟ್ಟೆ ತಣ್ಣಗಾಯಿತು. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ರಜೆಯಿಂದ ಬಂದ ಹಿರಿಯ ಡಾಕ್ಟರು ಅತ್ತಿಗೆಯನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆದರು. ಅಣ್ಣನ ಫೈಲು ತೆರೆದು, ಅದರಲ್ಲಿದ್ದ ಪ್ರತಿಯನ್ನು ನಮ್ಮ ಕಡೆ ತಿರುಗಿಸಿದರು. ಈ ಲೇಖನ ಸುಳ್ಳು, ಬರೆದವರು ಏಳು ಸಾವುಗಳನ್ನು ಮುಚ್ಚಿಟ್ಟಿದ್ದರು, ಏಳೂ ಯಕೃತ್ತಿನವು, ಹೋದ ವರ್ಷ ಪತ್ರಿಕೆ ಇದನ್ನು ಹಿಂದಕ್ಕೆ ಪಡೆಯಿತು ಎಂದರು. ಗ್ರಂಥಾಲಯದಲ್ಲಿ ಇಂಥದ್ದಕ್ಕೆ ಚೀಟಿ ಅಂಟಿಸಿರುತ್ತಾರಲ್ಲ, ಈ ಪ್ರತಿಯಲ್ಲಿ ಅದು ಯಾಕೆ ಕಾಣುತ್ತಿಲ್ಲ ಎಂದು ನನ್ನನ್ನೇ ಕೇಳಿದರು. ನೋಡಿ ಹೇಳುತ್ತೇನೆ ಎಂದೆ.

ಡ್ರಾಯರು ಎಳೆದೆ. ರಬ್ಬರ್ ಬ್ಯಾಂಡ್ ಒಣಗಿ ಮುಟ್ಟಿದ ಕೂಡಲೇ ತುಂಡಾಯಿತು. ಮೂವತ್ತೊಂದರಲ್ಲಿ ಹತ್ತೊಂಬತ್ತನೆಯದು ಅದು. ನಾನು ಆ ಚೀಟಿಯನ್ನು ಮೊದಲ ಸಲ ಓದಿದ್ದು ಅವತ್ತು.

ಅಲ್ಲಿಂದ ಹನ್ನೊಂದು ದಿನ. ಯಾರಿಗೂ ಹೇಳಲಿಲ್ಲ. ಅತ್ತಿಗೆ ದಿನಾ ಸಂಜೆ ಯಂತ್ರ ನಿಲ್ಲಿಸಿ ಕೇಳುವವರು, "ನೀನು ಓದಿದವಳು, ನಂಗೆ ಅರ್ಥ ಆಗೋ ಹಾಗೆ ಹೇಳು. ಅವರು ಯಾಕೆ ಹೋದ್ರು?" ನಾನು ಯಕೃತ್ತು ಎಂದರೇನು ಎಂದು ವಿವರಿಸುತ್ತಿದ್ದೆ. ಚಿತ್ರ ಬರೆದು ತೋರಿಸುತ್ತಿದ್ದೆ. ಅವರು ತಲೆಯಾಡಿಸಿ, ನನ್ನ ತಟ್ಟೆಗೆ ಮೊದಲು ಬಡಿಸಿ, ಆಮೇಲೆ ತಾವು ಕೂರುತ್ತಿದ್ದರು. ಹೇಳಿದರೆ ಈ ಮನೆ ನನಗಿಲ್ಲ ಎಂದು ತುತ್ತು ತುತ್ತಿಗೂ ಅನಿಸುತ್ತಿತ್ತು. ಅಣ್ಣನ ಚಪ್ಪಲಿ ಬಾಗಿಲ ಹಿಂದೆ ಹಾಗೇ ಇದ್ದವು. ಅವನ್ನು ನೋಡಬಾರದೆಂದು ಬಾಗಿಲನ್ನು ಅರ್ಧ ಮಾತ್ರ ಮುಚ್ಚುತ್ತಿದ್ದೆ.

ಸಮಿತಿ ನನ್ನಿಂದ ಬರಹದಲ್ಲಿ ಹೇಳಿಕೆ ಕೇಳಿತು. ಸಂಪುಟ ತೆಗೆದುಕೊಟ್ಟದ್ದು ನಾನು, ಪ್ರತಿ ತೆಗೆದುಕೊಂಡದ್ದು ಕಿರಿಯ ಡಾಕ್ಟರೇ ಎಂದು ಬರೆದೆ. ಒಂದೇ ವಾಕ್ಯ. ಅಂಟಿಸಿದ್ದು ಮೇಲಂಚಿಗೆ ಮಾತ್ರವಾದ್ದರಿಂದ ಚೀಟಿ ಎತ್ತಿಯೂ ಪ್ರತಿ ತೆಗೆಯಬಹುದು ಎಂದು ಸಮಿತಿಯವರಿಗೇ ಹೊಳೆಯಲಿ ಎಂದು ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕುವ ಕಬ್ಬಿಣವನ್ನು ಕಾಯಿಸಿ ಕೊಟ್ಟವಳು ನಾನೇ.

ಉಳಿದದ್ದು ಒಂದೇ. ವಿಚಾರಣೆಯ ಹಿಂದಿನ ಸಂಜೆ ಗೋಂದಮ್ಮ ಹೊರಟ ಮೇಲೆ ಕಪಾಟು ಸರಿಸಿ, ಸಂಪುಟ ಇಳಿಸಿ, ಹತ್ತೊಂಬತ್ತನೇ ಚೀಟಿಗೆ ಗೋಂದು ಸವರಿ ಅಂಟಿಸಿದೆ. ನೆಟ್ಟಗೆ ಕೂರಲಿ ಎಂದು ಅಂಗೈಯಿಂದ ಒತ್ತಿದೆ.

ಬೆಳಗ್ಗೆ ಗೋಂದಮ್ಮ ರಿಜಿಸ್ಟರು, ಸಂಪುಟ ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ನಾನು ಬಂದದ್ದು ಕಂಡು ಆ ಪುಟ ತೆರೆದರು. ಚೀಟಿಯ ಮೇಲಂಚಿನ ಮೇಲೆ ಹೆಬ್ಬೆರಳು ಓಡಿಸಿದರು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಹಳೇ ಗೋಂದು ಉಗುರಿಗೆ ಗಟ್ಟಿಯಾಗಿ ಸಿಗುತ್ತೆ. ಇದು ನಿನ್ನೆಯದು," ಎಂದರು.

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ರಿಜಿಸ್ಟರು ತಿರುಗಿಸಿ, ನನ್ನ ಸಹಿಯ ಕೆಳಗಿದ್ದ ತಮ್ಮ ಸಹಿಯನ್ನು ತೋರಿಸಿದರು. ಕಪಾಟು ತೆರೆದು ನೋಡದೆ ಹಾಕಿದ್ದು, ನಿವೃತ್ತಿಗೆ ಇನ್ನು ಐದು ತಿಂಗಳಿದೆ, ನೀನು ಬಾಯಿಬಿಟ್ಟರೆ ನಮ್ಮಿಬ್ಬರ ಕೆಲಸವೂ ಹೋಗುತ್ತೆ, ಬಿಡದಿದ್ದರೆ ಆ ಡಾಕ್ಟರ್ ಹುಡುಗನದ್ದು ಹೋಗುತ್ತೆ ಎಂದರು. ಏನು ಮಾಡಬೇಕು ಎಂದು ಮಾತ್ರ ಹೇಳಲಿಲ್ಲ. "ಮೂವತ್ತು ವರ್ಷ ಬೇರೆಯವರ ತಪ್ಪಿಗೆ ಚೀಟಿ ಅಂಟಿಸ್ದೆ," ಎಂದು ಎದ್ದು, ಸಂಪುಟವನ್ನು ಎದೆಗವಚಿಕೊಂಡು ಮುಂದೆ ನಡೆದರು.

ಸಮಿತಿ ಕೂತಿದ್ದದ್ದು ಮೇಲಿನ ಮಹಡಿಯ ಉದ್ದ ಕೋಣೆಯಲ್ಲಿ. ಮುಚ್ಚಳವಿಟ್ಟ ನೀರಿನ ಲೋಟಗಳು, ಪ್ರತಿಯೊಬ್ಬರ ಮುಂದೆ ಒಂದು ಪೆನ್ಸಿಲ್ಲು. ಒಂದು ಕಡೆ ಕಿರಿಯ ಡಾಕ್ಟರು, ಎದುರು ಅತ್ತಿಗೆ, ಅತ್ತಿಗೆಯ ಪಕ್ಕ ನಾನು. ದೂರು ಕೊಟ್ಟವರ ಕಡೆಯವಳೂ ನಾನೇ, ಸಾಕ್ಷಿಯೂ ನಾನೇ. ಅತ್ತಿಗೆ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಿದ್ದರು.

ಅಧ್ಯಕ್ಷರು ರಿಜಿಸ್ಟರು ನೋಡಿದರು. ಸಂಪುಟ ನೋಡಿದರು. ಗುಲಾಬಿ ಚೀಟಿ ಎತ್ತಿ ಇಳಿಸಿದರು. ಆಮೇಲೆ ಅದನ್ನು ಕಿರಿಯ ಡಾಕ್ಟರ ಮುಂದೆ ಸರಿಸಿ, ಏಳು ತಿಂಗಳಿಂದ ಇಲ್ಲಿ ಚೀಟಿ ಇದೆ, ನಿಮ್ಮ ಪ್ರತಿಯಲ್ಲಿ ಯಾಕಿಲ್ಲ ಎಂದು ಕೇಳಿದರು. ಅವರು ಬಹಳ ಹೊತ್ತು ಆ ಪುಟ ನೋಡಿದರು. ಮೂರು ವಾರದಲ್ಲಿ ಮುಖ ಇಳಿದುಹೋಗಿತ್ತು, ಗಡ್ಡ ಬಂದಿತ್ತು. ನನ್ನ ಮೇಲೆ ಹಾಕುತ್ತಾರೆ, ಆಗ ಜಗಳವಾಡೋಣ ಎಂದು ನಾನು ಸೊಂಟ ಕಟ್ಟಿ ಕೂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

"ಇದ್ದಿರ್ಬೇಕು ಸರ್. ನಾನೇ ಎತ್ತಿ ಕಾಪಿ ಮಾಡಿರ್ಬೇಕು. ಅವತ್ತು ನಿದ್ದೆ ಇರ್ಲಿಲ್ಲ, ನಂಗೆ ನೆನಪಾಗ್ತಿಲ್ಲ," ಎಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ ಕೈ ಮುಗಿದರು. "ತಪ್ಪು ನನ್ನದೇ ಅಮ್ಮ."

ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಮಾಡದ ತಪ್ಪನ್ನು ಮಾಡಿದ್ದೇನೆಂದು ನಂಬಿಬಿಟ್ಟಿದ್ದರು. ಸಾಯುವ ತನಕ ನಂಬಿಕೊಂಡೇ ಇರುತ್ತಾರೆ ಎಂದು ನನಗೆ ಆ ಕ್ಷಣ ಗೊತ್ತಾಯಿತು. ಅಧ್ಯಕ್ಷರು ಪೆನ್ಸಿಲ್ಲು ಎತ್ತಿಕೊಂಡರು.

ಆಗ ಅತ್ತಿಗೆ ನನ್ನ ಕೈ ಬಿಟ್ಟರು. ಸಂಪುಟವನ್ನು ತಮ್ಮ ಕಡೆ ಎಳೆದುಕೊಂಡು ಚೀಟಿ ನೋಡಿದರು. ವರ್ಷಗಟ್ಟಲೆ ಬಟ್ಟೆ ನೋಡಿದ ಕಣ್ಣು, ಯಾವ ಹೊಲಿಗೆ ಹಳೆಯದು, ಯಾವುದು ಹೊಸದು ಎಂದು ತಿಳಿಯುವ ಕಣ್ಣು. ಚೀಟಿಯ ಕೆಳಗಿನ ಕಾಗದ ಹದಿನೆಂಟು ವರ್ಷಕ್ಕೆ ಮಾಸಿತ್ತು. ಗೋಂದು ತಗುಲಿದ ಕಡೆ ಇನ್ನೂ ಸಣ್ಣಗೆ ಉಬ್ಬಿತ್ತು.

"ಈ ಪುಸ್ತಕ ಇಳಿಸಿ ಕೊಟ್ಟಿದ್ದು ನೀನಲ್ವಾ?" ಎಂದು ನನ್ನನ್ನು ಕೇಳಿದರು. "ಅವತ್ತು ಈ ಚೀಟಿ ಇಲ್ಲಿತ್ತಾ?"

ಪ್ರಶ್ನೆ ಸಮಿತಿಯ ಮೂಲಕ ಕೇಳಬೇಕು ಎಂದು ಅಧ್ಯಕ್ಷರು ಹೇಳಿದರು. ಅತ್ತಿಗೆ ಅವರ ಕಡೆ ತಿರುಗಲಿಲ್ಲ.

ಇತ್ತು ಎಂದರೆ ಮುಗಿಯುತ್ತಿತ್ತು. ಎರಡಕ್ಷರ. ಸಂಜೆ ಮನೆಗೆ ಹೋಗಿ, ಇಬ್ಬರೂ ಊಟಕ್ಕೆ ಕೂತು, ಅವರು ನನಗೆ ಮೊದಲು ಬಡಿಸುತ್ತಿದ್ದರು. ಆ ತಟ್ಟೆ ಕಣ್ಣ ಮುಂದೆ ಬಂತು. ಅದರ ಮುಂದೆ ನಾನು ಇನ್ನು ಮೂವತ್ತು ವರ್ಷ ಕೂರಬೇಕಿತ್ತು.

"ಇರ್ಲಿಲ್ಲ ಅತ್ತಿಗೆ."

"ಮತ್ತೆ ಈಗ ಹೇಗೆ ಬಂತು?"

"ನಿನ್ನೆ ಸಂಜೆ ನಾನೇ ಅಂಟಿಸ್ದೆ. ಏಳು ತಿಂಗಳ ಹಿಂದೆ ಅಂಟಿಸ್ಬೇಕಿತ್ತು. ಅಂಟಿಸದೇನೇ ಅಂಟಿಸಿದೀನಿ ಅಂತ ಬರೆದೆ. ಕಾಪಿ ತೆಗೆದಿದ್ದೂ ನಾನೇ. ಡಾಕ್ಟರು ಮುಟ್ಲೂ ಇಲ್ಲ."

ಕಿರಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬಾಗಿಲ ಬಳಿ ನಿಂತಿದ್ದ ಗೋಂದಮ್ಮ ಮುಂದೆ ಬಂದು, ಕೆಳಗಿನ ಸಹಿ ನನ್ನದು, ನೋಡದೆ ಹಾಕಿದ್ದು ಎಂದರು. ಅದನ್ನು ಬರೆದುಕೊಳ್ಳಿ ಎಂದೂ ಹೇಳಿದರು.

ಅತ್ತಿಗೆ ಅಳಲಿಲ್ಲ. ಚೀಟಿಯ ಮೇಲೆ ಬೆರಳಿಟ್ಟು, ಅದರಲ್ಲಿ ಏನು ಬರೆದಿದೆ ಓದು ಎಂದರು. ಅವರಿಗೆ ಓದಲು ಬರುತ್ತದೆ. ನನ್ನ ಬಾಯಲ್ಲಿ ಕೇಳಬೇಕಿತ್ತು. ನಾನು ಓದಿದೆ. ಈ ಲೇಖನವನ್ನು ಹಿಂಪಡೆಯಲಾಗಿದೆ. ಇದನ್ನು ನಂಬಿ ಯಾರಿಗೂ ಚಿಕಿತ್ಸೆ ಕೊಡಬಾರದು.

"ಇಷ್ಟೇನಾ?"

"ಇಷ್ಟೇ ಅತ್ತಿಗೆ."

"ಇದನ್ನ ಅಂಟಿಸೋಕೆ ಎಷ್ಟು ಹೊತ್ತು ಬೇಕಿತ್ತು?"

ಜೀವಮಾನದಲ್ಲಿ ನನಗೆ ಯಾವತ್ತೂ ಉತ್ತರಕ್ಕೆ ಬರ ಇರಲಿಲ್ಲ. ಅವತ್ತೂ ಉತ್ತರ ಇತ್ತು.

"ಒಂದು ನಿಮಿಷ," ಎಂದೆ.

ಅವರು ಸಂಪುಟ ಮುಚ್ಚಿ, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದು ಹೋದರು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಎರಡು ದಿನ ಬಿಟ್ಟು ನನ್ನ ಸಾಮಾನು ತರಲು ಹೋದಾಗ ಎಲ್ಲವೂ ಕಟ್ಟಿ ಬಾಗಿಲ ಹೊರಗಿಟ್ಟಿತ್ತು. ಬಟ್ಟೆಗಳನ್ನು ಮಡಿಸಿದ್ದರು, ಹರಿದಿದ್ದ ಒಂದನ್ನು ಹೊಲಿದೂ ಇದ್ದರು. ಪೆನ್ನುಗಳೂ ಇದ್ದವು. ಗೀಚಿದ ಕಾಗದ ಇರಲಿಲ್ಲ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಅದು ನಿಲ್ಲುತ್ತದೇನೋ ಎಂದು ಕಾದೆ. ನಿಲ್ಲಲಿಲ್ಲ.

ಕಾಲೇಜಿನಿಂದ ನನ್ನ ಹೆಸರು ತೆಗೆದರು. ಕಿರಿಯ ಡಾಕ್ಟರನ್ನು ಮತ್ತೆ ಕೆಲಸಕ್ಕೆ ಕರೆದರಂತೆ, ಅವರು ಬರಲಿಲ್ಲವಂತೆ. ಗೋಂದಮ್ಮನಿಗೆ ನಿವೃತ್ತಿಗೆ ಮೊದಲೇ ಮನೆಗೆ ಹೋಗಿ ಎಂದರು. ಅವರ ಕೊನೆಯ ದಿನ ನನಗೆ ಹೇಳಿಕಳಿಸಿದರು. ಹೋದೆ. ಮೇಜಿನ ಮೇಲೆ ಗೋಂದಿನ ಬಾಟಲಿ, ಕುಂಚ, ಉಳಿದ ಮೂವತ್ತು ಚೀಟಿ. ಅವರು ಕುರ್ಚಿಯಲ್ಲಿ ಕೂತರು.

ಕೊನೆಯ ಸಾಲಿನ ಕಪಾಟನ್ನು ತಳ್ಳಿದೆ. ಒಂದು ಬೆರಳು ಸಾಕಾಯಿತು, ಅಣ್ಣ ಸವರಿದ ಗ್ರೀಸ್ ಇನ್ನೂ ಇತ್ತು. ಒಂದೊಂದೇ ಸಂಪುಟ ಇಳಿಸಿ, ಒಂದೊಂದು ಚೀಟಿಯನ್ನೂ ಮೊದಲಿನಿಂದ ಕೊನೆಯ ತನಕ ಓದಿ, ಗೋಂದು ಸವರಿ, ಒತ್ತಿ, ಒಣಗಿತೆಂದು ನೋಡಿ ಮೇಲಿಟ್ಟೆ. ಮುಗಿದಾಗ ಗೋಂದಮ್ಮ ಗೋಡೆಯ ಗಡಿಯಾರ ನೋಡಿದರು, ನಾನೂ ನೋಡಿದೆ. ಮೂವತ್ತು ಚೀಟಿಗೆ ಮೂವತ್ತೆಂಟು ನಿಮಿಷ ಹಿಡಿದಿತ್ತು. ಓದಿದ್ದರಿಂದ ಎಂಟು ನಿಮಿಷ ಹೆಚ್ಚಾಯಿತು.